ಕೆಲಸ ಅವರದು, ಕಣ್ಣೀರು ನಮ್ಮದು

ಲಿಂಕ್ಡ್‌ಇನ್‌ನಲ್ಲಿ ಒಬ್ಬರ ಕೆಲಸ ಹೋದರೆ ಇನ್ನೊಬ್ಬರಿಗೆ ಐದು ಪಾಠ ಸಿಗುತ್ತದೆ. ನಾಲ್ಕಲ್ಲ, ಆರಲ್ಲ, ಐದೇ. ನಿನ್ನೆಯವರೆಗೆ ಪಕ್ಕದ ಕುರ್ಚಿಯಲ್ಲಿ ಕೂತು, ಮಧ್ಯಾಹ್ನದ ಡಬ್ಬಿಯಿಂದ ಅರ್ಧ ಚಪಾತಿ ಹರಿದುಕೊಡುತ್ತಿದ್ದ ಮನುಷ್ಯನನ್ನು ಬೆಳಿಗ್ಗೆ ಹತ್ತೂವರೆಗೆ ಎಚ್‌ಆರ್‌ನವರು ಕರೆದು ಮನೆಗೆ ಕಳಿಸಿರುತ್ತಾರೆ. ಹನ್ನೆರಡರ ಹೊತ್ತಿಗೆ ಪೋಸ್ಟು ಸಿದ್ಧ. ‘ಇಂದು ನನ್ನ ವೃತ್ತಿಜೀವನದ ಅತ್ಯಂತ ಕಠಿಣ ದಿನ.’ ಕೆಳಗೆ ಒಂದು ಖಾಲಿ ಸಾಲು. ‘ನಾನು ಗಟ್ಟಿ ಮನುಷ್ಯ ಅಂದುಕೊಂಡಿದ್ದೆ.’ ಮತ್ತೊಂದು ಖಾಲಿ ಸಾಲು. ‘ಆದರೆ ಇವತ್ತು ಅತ್ತುಬಿಟ್ಟೆ.’ ಕೆಲಸ ಹೋಗಿದ್ದು ಯಾರದ್ದು ಅಂತ ಗೊತ್ತಾಗಬೇಕಾದರೆ ಇನ್ನೂ ನಾಲ್ಕು ಖಾಲಿ ಸಾಲು ಇಳಿಯಬೇಕು. ಇಳಿದರೂ ಹೆಸರು ಸಿಗುವುದಿಲ್ಲ. ‘ನನ್ನ ತಂಡದ ಕೆಲವು ಅದ್ಭುತ ವ್ಯಕ್ತಿಗಳು’ ಎಂದಿರುತ್ತದೆ, ಅಷ್ಟೆ.

ಇಂಥದೊಂದು ಪೋಸ್ಟನ್ನು ಯಾರೋ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಸಾಗರದಲ್ಲಿರುವ ನಮ್ಮ ಸೋದರತ್ತೆ ಗಾಬರಿಬಿದ್ದು ಮೊಮ್ಮಗನಿಗೆ ಫೋನು ಮಾಡಿದರು. ಪೋಸ್ಟು ಅವನದ್ದೇ. ಬೆಂಗಳೂರಿನಲ್ಲಿ ಮ್ಯಾನೇಜರು. ‘ಅಳಬೇಡ ಮಾರಾಯ, ತೋಟ ಇದೆ, ಊರಿಗೆ ಬಂದ್ಬಿಡು’ ಅಂತ ಇವರು. ‘ನನ್ನ ಕೆಲಸ ಹೋಗಿಲ್ಲ ಅಮ್ಮಮ್ಮ, ಟೀಮಿನವರದ್ದು. ಲಿಸ್ಟ್ ಮಾಡಿ ಕೊಟ್ಟಿದ್ದೇ ನಾನು’ ಅಂತ ಅವನು. ಸೋದರತ್ತೆ ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದ್ರೆ ಅಳಬೇಕಾದ್ದು ಅವರಲ್ವೇನೋ?’ ಅಂದರಂತೆ.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಲಿಂಕ್ಡ್‌ಇನ್ ಅನ್ನುವ ಊರು 2003ರ ಮೇ ತಿಂಗಳಲ್ಲಿ ಬಾಗಿಲು ತೆರೆದಾಗ ಅಲ್ಲಿ ಬಯೋಡೇಟಾ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಯಾರು ಎಲ್ಲಿ ಕೆಲಸ ಮಾಡುತ್ತಾರೆ, ಯಾರನ್ನು ಹಿಡಿದರೆ ಎಲ್ಲಿಗೆ ಅರ್ಜಿ ತಲುಪುತ್ತದೆ, ಇಷ್ಟು ತಿಳಿದರೆ ಸಾಕಾಗಿತ್ತು. 2016ರಲ್ಲಿ ಮೈಕ್ರೋಸಾಫ್ಟ್ ಅದನ್ನು 2,620 ಕೋಟಿ ಡಾಲರಿಗೆ ಕೊಳ್ಳುವ ಹೊತ್ತಿಗೆ ಬಯೋಡೇಟಾಗಳ ನಡುವೆ ಪ್ರವಚನಗಳು ಶುರುವಾಗಿದ್ದವು. ಈಗಂತೂ ಪ್ರವಚನಗಳ ನಡುವೆ ಬಯೋಡೇಟಾ ಹುಡುಕಬೇಕು. ಮೊಬೈಲಿನಲ್ಲಿ ಯಾವ ಪೋಸ್ಟಿನದ್ದಾದರೂ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತದೆ. ಉಳಿದದ್ದು ‘ಸೀ ಮೋರ್’ ಎಂಬ ಪರದೆಯ ಹಿಂದೆ. ಓದುವವನು ಎಷ್ಟು ಹೊತ್ತು ನಿಂತ ಅನ್ನುವುದನ್ನೂ ಯಂತ್ರ ಲೆಕ್ಕ ಇಡುತ್ತದೆ. ಇದನ್ನು 2020ರಲ್ಲಿ ಆ ಕಂಪನಿಯ ಎಂಜಿನಿಯರುಗಳೇ ಬರೆದು ಹೇಳಿಕೊಂಡಿದ್ದಾರೆ. ಜನ ನಿಲ್ಲಬೇಕು, ಪರದೆ ಸರಿಸಬೇಕು, ಇನ್ನಷ್ಟು ಹೊತ್ತು ನಿಲ್ಲಬೇಕು. ‘ನಮ್ಮ ಟೆಸ್ಟಿಂಗ್ ವಿಭಾಗದಿಂದ ಮೂವರನ್ನು ತೆಗೆದರು’ ಅಂದರೆ ಯಾರು ನಿಲ್ಲುತ್ತಾರೆ? ‘ಅತ್ತುಬಿಟ್ಟೆ’ ಅಂದರೆ ನಿಲ್ಲುತ್ತಾರೆ. ಖಾಲಿ ಸಾಲುಗಳೂ ಅದಕ್ಕೇ. ದುಃಖ ಉಮ್ಮಳಿಸಿ ಮಾತು ನಿಂತಿದೆ ಅಂತ ನಾವು ತಿಳಿಯುತ್ತೇವೆ. ನಿಂತಿರುವುದು ನಮ್ಮ ಹೆಬ್ಬೆರಳು.

ಇಂಥ ಪೋಸ್ಟುಗಳು ಹೇಗೆ ತಯಾರಾಗುತ್ತವೆ ಅನ್ನುವುದನ್ನು ಜಯನಗರದ ಒಂದು ದರ್ಶಿನಿಯಲ್ಲಿ ಕಣ್ಣಾರೆ ನೋಡಿದೆ. ದರ್ಶಿನಿಯ ನಿಲ್ಲುವ ಮೇಜಿನ ಲಾಭವೇ ಇದು: ಖಾರಾಬಾತ್ ನಮ್ಮದು, ಪಕ್ಕದವರ ಮಾತು ಉಚಿತ. ಕುತ್ತಿಗೆಗೆ ಕಾರ್ಡು ತೂಗುಹಾಕಿಕೊಂಡ ಇಬ್ಬರು ಹುಡುಗರು ಬೈಟು ಕಾಫಿ ಹಿಡಿದು ನಿಂತಿದ್ದರು. ಒಬ್ಬ ಫೋನಿನಿಂದ ಓದಿದ. ಇನ್ನೊಬ್ಬ ತಲೆ ಅಲ್ಲಾಡಿಸಿದ.

‘ಸ್ವಲ್ಪ ಡ್ರೈ ಆಯ್ತು ಮಗಾ. ಚಾಟ್‌ಜಿಪಿಟಿಗೆ ಹಾಕು. ಇನ್ನೂ ಎಮೋಷನಲ್ ಮಾಡು ಅನ್ನು.’

ಹಾಕಿದ. ಬಂದದ್ದನ್ನು ಓದಿದ. ಅವನ ಮುಖವೇ ಸಣ್ಣಗಾಯಿತು.

‘ಇದು ಜಾಸ್ತಿ ಆಯ್ತು ಕಣೋ. ಅವನು ಸತ್ತೇಹೋದ ಅನ್ನೋ ಥರ ಬರೆದಿದೆ.’

‘ಥರ್ಟಿ ಪರ್ಸೆಂಟ್ ಕಮ್ಮಿ ಮಾಡು ಅನ್ನು.’

ಮಾಡಿತು. ದುಃಖವನ್ನು ಕಾಫಿಯ ಸಕ್ಕರೆಯ ಹಾಗೆ ಹೆಚ್ಚುಕಮ್ಮಿ ಮಾಡಿಸಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಆಮೇಲೆ ಫೋಟೋ ಪ್ರಶ್ನೆ. ಅದಕ್ಕೆ ಇಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ. ಮುಚ್ಚಿದ ಲ್ಯಾಪ್‌ಟಾಪಿನ ಮೇಲೆ ಕಂಪನಿ ಕಾರ್ಡನ್ನು ಅದರ ದಾರ ಸುರುಳಿ ಸುತ್ತಿ ಇಟ್ಟ ಚಿತ್ರ, ಅದು ಈಗ ಶಾಸ್ತ್ರವಾಗಿಬಿಟ್ಟಿದೆ. ಕಾರ್ಡು ಯಾರದ್ದು? ‘ನಂದೇ ಹಾಕ್ತೀನಿ, ಹೆಸರು ಕಾಣದ ಹಾಗೆ ತಿರುಗಿಸಿ.’

‘ಅವನನ್ನ ಟ್ಯಾಗ್ ಮಾಡ್ಲಾ?’

‘ಬೇಡಪ್ಪಾ. ಅವನು ಸಿಟ್ಟಲ್ಲಿ ಕಂಪನಿ ಮೇಲೆ ಏನಾದ್ರೂ ಕಮೆಂಟ್ ಹಾಕಿದ್ರೆ ನಮ್ಮ ಬುಡಕ್ಕೇ ಬರತ್ತೆ.’

‘ಅದೂ ಸರಿ. ಫೋನ್ ಮಾಡಿದ್ಯಾ ಅವನಿಗೆ?’

‘ಇಲ್ಲ ಮಗಾ. ಏನಂತ ಮಾತಾಡೋದು? ಆಕ್ವರ್ಡ್ ಆಗತ್ತೆ.’

ಪೋಸ್ಟು ಹೋಯಿತು. ಇಬ್ಬರೂ ಫೋನಿನ ಮೇಲೆ ಬಗ್ಗಿ ನಿಂತರು. ಹೊಸದಾಗಿ ಬಂದ ಕೇಸರಿಬಾತು ತಣ್ಣಗಾಗುತ್ತಿತ್ತು. ‘ನಾಲ್ಕು ಬಂತು’ ಅಂದ ಮೊದಲನೆಯವನು. ಇವರು ಕೆಟ್ಟ ಹುಡುಗರೇನಲ್ಲ. ಎರಡನೆಯವನ ಧ್ವನಿಯಲ್ಲಿ ನಿಜವಾದ ಹೆದರಿಕೆ ಇತ್ತು, ಮುಂದಿನ ಪಟ್ಟಿಯಲ್ಲಿ ತನ್ನ ಹೆಸರು ಇರಬಹುದು ಅನ್ನುವ ಹೆದರಿಕೆ. ಹೆದರಿದವನಿಗೆ ಇಂಥ ಪೋಸ್ಟು ಮೂರು ಕೆಲಸ ಮಾಡಿಕೊಡುತ್ತದೆ. ಒಳಗಿನವರಿಗೆ ‘ನಾನು ನಿಷ್ಠಾವಂತ’ ಎನ್ನುತ್ತದೆ, ಹೊರಗಿನ ಕಂಪನಿಗಳಿಗೆ ‘ನಾನೂ ಇದ್ದೇನೆ, ನೆನಪಿರಲಿ’ ಎನ್ನುತ್ತದೆ, ತನಗೆ ತಾನೇ ‘ನಾನು ಒಳ್ಳೆಯವನು’ ಎನ್ನುತ್ತದೆ. ಹೋದವನಿಗೆ ಏನನ್ನುತ್ತದೆ ಅಂತ ಕೇಳಬೇಡಿ. ಅವನು ಅಲ್ಲಿ ಟ್ಯಾಗೇ ಆಗಿಲ್ಲ.

ಈ ಕಲೆಯನ್ನು ಶಿಖರಕ್ಕೇರಿಸಿದವರು ಅಮೆರಿಕದವರು. 2022ರ ಆಗಸ್ಟಿನಲ್ಲಿ ಒಹಾಯೊ ರಾಜ್ಯದ ಹೈಪರ್‌ಸೋಷಿಯಲ್ ಎಂಬ ಪುಟ್ಟ ಮಾರ್ಕೆಟಿಂಗ್ ಕಂಪನಿಯ ಸಿಇಒ ಬ್ರೇಡನ್ ವಾಲೇಕ್, ಇಬ್ಬರನ್ನು ಕೆಲಸದಿಂದ ತೆಗೆದು, ಆಮೇಲೆ ತಾನು ಕಣ್ಣೀರು ಸುರಿಸುತ್ತಿರುವ ಸೆಲ್ಫಿಯನ್ನು ಲಿಂಕ್ಡ್‌ಇನ್‌ಗೆ ಹಾಕಿದರು. ಕೆನ್ನೆ ಒದ್ದೆ. ನಾನು ಇದರಲ್ಲಿ ಒಂದೇ ವಿಷಯ ಯೋಚಿಸುತ್ತೇನೆ: ಅಳು ಬಂದಾಗ ಮನುಷ್ಯ ಕರವಸ್ತ್ರಕ್ಕೆ ಕೈಹಾಕುತ್ತಾನೆ. ಫೋನಿಗೆ ಕೈಹಾಕಿ, ಕ್ಯಾಮೆರಾ ತನ್ನ ಕಡೆಗೆ ತಿರುಗಿಸಿ, ಬೆಳಕು ನೋಡಿ, ಕ್ಲಿಕ್ಕಿಸಿ, ಆಮೇಲೆ ಅಳುವನ್ನು ಮುಂದುವರಿಸುವುದಕ್ಕೆ ಸಾಧನೆ ಬೇಕು. ಜಗತ್ತಿನ ಪತ್ರಿಕೆಗಳೆಲ್ಲ ಅವರನ್ನು ‘ಅಳುವ ಸಿಇಒ’ ಎಂದು ಆಡಿಕೊಂಡವು. ಅದಕ್ಕೆ ಎಂಟು ತಿಂಗಳ ಹಿಂದೆ, 2021ರ ಡಿಸೆಂಬರಿನಲ್ಲಿ, ಬೆಟರ್ ಡಾಟ್ ಕಾಮ್ ಕಂಪನಿಯ ಮುಖ್ಯಸ್ಥ ವಿಶಾಲ್ ಗರ್ಗ್ ಒಂದೇ ಜೂಮ್ ಕಾಲಿನಲ್ಲಿ ಸುಮಾರು 900 ಜನರನ್ನು ಮನೆಗೆ ಕಳಿಸಿದ್ದರು. ಕಳೆದ ಸಲ ಹೀಗೆ ಮಾಡಬೇಕಾಗಿ ಬಂದಾಗ ಅತ್ತಿದ್ದೆ ಅಂತ ಆ ಕಾಲಿನಲ್ಲೇ ಹೇಳಿದ್ದರು. ಈ ಸಲ ಅಳಲಿಲ್ಲ. ಅಭ್ಯಾಸವಾಗಿರಬೇಕು. 2023ರ ಜನವರಿಯಲ್ಲಿ ಪೇಜರ್‌ಡ್ಯೂಟಿ ಕಂಪನಿಯ ಮುಖ್ಯಸ್ಥೆ ನೂರಕ್ಕೆ ಏಳರಷ್ಟು ಜನರನ್ನು ತೆಗೆಯುವ ಪತ್ರದ ಕೊನೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮಾತನ್ನು ಉದ್ಧರಿಸಿ, ಆಮೇಲೆ ಕ್ಷಮೆ ಕೇಳಿದರು. ಕೋಳಿಯನ್ನು ಕೇಳಿ ಮಸಾಲೆ ಅರೆಯುವವರಿಲ್ಲ, ಒಪ್ಪೋಣ. ಆದರೆ ಅರೆಯುವಾಗ ಕಣ್ಣು ಎಷ್ಟು ಉರಿಯಿತು ಅಂತ ಕೋಳಿಗೆ ಓದಿ ಹೇಳುವುದು ಹೊಸ ಪದ್ಧತಿ.

ಒಹಾಯೊದ ಕಥೆಯಲ್ಲಿ ಜನ ಮರೆತ ತುಣುಕೊಂದಿದೆ. ತೆಗೆಸಿಕೊಂಡವರಲ್ಲಿ ಒಬ್ಬಾತ ‘ನಾನೇ ಅವನು’ ಅಂತ ಲಿಂಕ್ಡ್‌ಇನ್‌ನಲ್ಲೇ ಮುಂದೆ ಬಂದು, ಬಾಸ್ ಒಳ್ಳೆಯವರು, ಬೈಯಬೇಡಿ ಅಂತಲೇ ಬರೆದ. ಅದೇನು ಪ್ರೀತಿಯೋ, ವಿವೇಕವೋ. ಎರಡೂ ಇರಬಹುದು.

ಅಮೆರಿಕದವರನ್ನು ಆಡಿಕೊಳ್ಳುವಾಗ ನಮ್ಮ ವೃತ್ತಗಳು ನೆನಪಾಗುತ್ತವೆ. ಬೆಂಗಳೂರಿನ ಯಾವ ಬಡಾವಣೆಯ ಸರ್ಕಲ್ಲಿನಲ್ಲಾದರೂ ಒಂದು ಕಾಲಕ್ಕೆ ‘ಭಾವಪೂರ್ಣ ಶ್ರದ್ಧಾಂಜಲಿ’ಯ ಫ್ಲೆಕ್ಸು ಇರಲೇಬೇಕಿತ್ತು. ಸತ್ತವರ ಫೋಟೋ ಮಧ್ಯದಲ್ಲಿ ಪಾಸ್‌ಪೋರ್ಟ್ ಗಾತ್ರದಲ್ಲಿ. ಶ್ರದ್ಧಾಂಜಲಿ ಕೋರುವವರು ಆಳೆತ್ತರ. ಒಬ್ಬ ಕಪ್ಪು ಕನ್ನಡಕದಲ್ಲಿ, ಒಬ್ಬ ಕಿವಿಗೆ ಫೋನು ಹಿಡಿದು, ಒಬ್ಬ ಯಾರಿಗೋ ಕೈಮುಗಿದು, ಅದೂ ಹಲ್ಲು ಬಿಟ್ಟು, ಯಾಕೆಂದರೆ ಅದೇ ಫೋಟೋ ರಾಜ್ಯೋತ್ಸವಕ್ಕೂ ಆಗಬೇಕು. ನಮ್ಮ ಬೀದಿಯಲ್ಲಿ ಒಂದು ಸಲ ದಾರಿಹೋಕರೊಬ್ಬರು ಅಂಥ ಫ್ಲೆಕ್ಸಿನ ಮುಂದೆ ನಿಂತು ‘ಇವರಲ್ಲಿ ಹೋಗಿದ್ದು ಯಾರು?’ ಅಂತ ಕೇಳಿದ್ದರು. 2018ರ ಆಗಸ್ಟಿನಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ಬಿಬಿಎಂಪಿ ಫ್ಲೆಕ್ಸುಗಳನ್ನು ಕಿತ್ತು ಲಾರಿಗೆ ತುಂಬಿತು. ವೃತ್ತಗಳು ಸ್ವಲ್ಪ ಕಾಲ ಬೋಳಾಗಿ ಕಂಡವು. ಕಲೆ ಮಾತ್ರ ಸಾಯಲಿಲ್ಲ, ಎಂಜಿನಿಯರುಗಳ ಮೊಬೈಲಿಗೆ ವರ್ಗವಾಯಿತು.

ಹಾಗಂತ ಹಿಂದಿನವರೆಲ್ಲ ಸತ್ಯವಂತರಾಗಿದ್ದರು ಅಂತ ನಾನು ಹೇಳುತ್ತಿಲ್ಲ. ನಮ್ಮ ಭಾವ ಬ್ಯಾಂಕಿನಲ್ಲಿದ್ದವರು, ಯೂನಿಯನ್ನಿನ ಮನುಷ್ಯ. ಅವರ ಬೀಳ್ಕೊಡುಗೆ ಸಮಾರಂಭಕ್ಕೆ ಮನೆಮಂದಿಯೆಲ್ಲ ಹೋಗಿದ್ದೆವು. ಮೈಸೂರು ಪೇಟ, ಶಾಲು, ಗಂಧದ ಹಾರ, ಜರಿಕಾಗದ ಸುತ್ತಿದ ಹಣ್ಣಿನ ಬುಟ್ಟಿ. ಭಾವನಿಗೆ ಮೆಮೋ ಮೇಲೆ ಮೆಮೋ ಕೊಟ್ಟಿದ್ದ ಮ್ಯಾನೇಜರು ಮೈಕಿನ ಮುಂದೆ ನಿಂತು ‘ಇವರು ಅಜಾತಶತ್ರು’ ಅಂದರು. ಭಾವ ಪೇಟದ ಕೆಳಗೇ ನಕ್ಕರು. ಅದೂ ನಾಟಕವೇ. ಆದರೆ ಆ ನಾಟಕದಲ್ಲಿ ಹೋಗುವವನಿಗೆ ವೇದಿಕೆಯ ಮಧ್ಯದಲ್ಲಿ ಒಂದು ಕುರ್ಚಿ ಇತ್ತು. ಸುಳ್ಳನ್ನು ಅವನ ಎದುರಿಗೇ, ಅವನ ಹೆಸರು ಹಿಡಿದೇ ಹೇಳಬೇಕಿತ್ತು. ಕೊನೆಯಲ್ಲಿ ಅವನಿಗೂ ಎರಡು ಮಾತಾಡಲು ಮೈಕು ಕೊಡುತ್ತಿದ್ದರು. ಭಾವ ಆ ಎರಡು ಮಾತನ್ನು ಮುಕ್ಕಾಲು ಗಂಟೆ ಆಡಿದರು. ಒಂದೊಂದು ಮೆಮೋವನ್ನೂ ತಾರೀಖು ಸಮೇತ ನೆನೆಸಿಕೊಂಡರು.

ಅದು ನಿವೃತ್ತಿ, ಕೆಲಸ ಕಳೆದುಕೊಂಡದ್ದಲ್ಲ ಅನ್ನುತ್ತೀರಿ. ಸರಿ. ಕಳೆದುಕೊಂಡವರನ್ನೂ ಈ ನಾಡು ಕಂಡಿದೆ. ಶತಮಾನ ಮೀರಿ ಚಿನ್ನ ತೆಗೆದ ಕೋಲಾರದ ಗಣಿಗಳು 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿದವು. ಬೆಂಗಳೂರಿನ ಬಿನ್ನಿ ಮಿಲ್ಲು, ಎನ್‌ಜಿಇಎಫ್ ಒಂದರ ಹಿಂದೆ ಒಂದು ಮುಚ್ಚಿದವು. 2016ರಲ್ಲಿ ಎಚ್‌ಎಂಟಿ ವಾಚಿನ ಸರದಿ. ಆಗ ಪಕ್ಕದವರ ದುಃಖವನ್ನು ಬರೆದು ಹಾಕಲು ಹೆಚ್ಚಿನವರಿಗೆ ಗೋಡೆ ಇರಲಿಲ್ಲ, ಇದ್ದರೂ ಹೊಳೆಯುತ್ತಿರಲಿಲ್ಲ. ಜನ ಮನೆಗೆ ಬರುತ್ತಿದ್ದರು. ಬಂದವರಲ್ಲಿ ಅರ್ಧ ಜನ ಫ್ರಿಜ್ ಇನ್ನೂ ಇದೆಯೋ ಮಾರಿದರೋ ಅಂತ ನೋಡಲು ಬಂದವರೇ. ಆದರೂ ಬಾಗಿಲವರೆಗೆ ಬಂದು ಚಪ್ಪಲಿ ಬಿಡಬೇಕಿತ್ತು, ಮುಖ ನೋಡಬೇಕಿತ್ತು, ಎರಡು ಬಾಳೆಹಣ್ಣಾದರೂ ತರಬೇಕಿತ್ತು. ಇಷ್ಟು ಖರ್ಚಿಲ್ಲದೆ ಮರುಕ ತೋರಿಸಲು ಆಗುತ್ತಿರಲಿಲ್ಲ.

ಈಗಿನ ಲೆಕ್ಕ ಬೇರೆ. 2022ರ ನವೆಂಬರಿನಲ್ಲಿ ಮೆಟಾ 11,000 ಜನರನ್ನು ತೆಗೆಯಿತು. 2023ರ ಜನವರಿಯಲ್ಲಿ ಗೂಗಲ್ 12,000 ಅಂದಿತು, ಮೈಕ್ರೋಸಾಫ್ಟ್ 10,000, ಅಮೆಜಾನ್ 18,000. ಲಿಂಕ್ಡ್‌ಇನ್ ತಾನೇ 2023ರ ಮೇ ತಿಂಗಳಲ್ಲಿ 716 ಮಂದಿಯನ್ನೂ ಅಕ್ಟೋಬರಿನಲ್ಲಿ 668 ಮಂದಿಯನ್ನೂ ಕಳಿಸಿತು. ಅವರ ಬಗೆಗಿನ ಕಣ್ಣೀರಿನ ಪೋಸ್ಟುಗಳೂ ಲಿಂಕ್ಡ್‌ಇನ್‌ನಲ್ಲೇ ಓಡಿದವು, ಪಕ್ಕದಲ್ಲಿ ಜಾಹೀರಾತುಗಳೂ ಓಡಿದವು. 2025ರಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ನೂರಕ್ಕೆ ಎರಡು ಪಾಲು, ಅಂದರೆ 12,000ಕ್ಕೂ ಮೇಲ್ಪಟ್ಟು ಜನರನ್ನು ಕಡಿಮೆ ಮಾಡುತ್ತೇನೆ ಅಂದಾಗ ಬೆಂಗಳೂರಿನ ಮನೆಮನೆಯಲ್ಲೂ ಒಂದು ಲೆಕ್ಕ ಶುರುವಾಯಿತು: ನಮ್ಮವನು ಆ ಎರಡರಲ್ಲೋ, ಉಳಿದ ತೊಂಬತ್ತೆಂಟರಲ್ಲೋ. ಸನ್ನಿವೇಲ್, ಸಿಯಾಟಲ್‌ಗಳಲ್ಲಿರುವ ನಮ್ಮ ಹುಡುಗರ ಪಾಡು ಇನ್ನೂ ಬಿಗಿ. ಎಚ್-1ಬಿ ವೀಸಾದಲ್ಲಿದ್ದವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಸಿಗಬೇಕು, ಇಲ್ಲವೇ ವೀಸಾಕ್ಕೆ ಬೇರೆ ದಾರಿ ಹಿಡಿಯಬೇಕು, ಇಲ್ಲವೇ ಮಗುವನ್ನು ಶಾಲೆಯಿಂದ ಬಿಡಿಸಿ, ಕಾರು ಮಾರಿ, ಗಂಟುಮೂಟೆ ಕಟ್ಟಬೇಕು. ಅಂಥವನ ಬಗ್ಗೆ ಹಳೆಯ ಸಹೋದ್ಯೋಗಿ ‘ಪ್ರತಿ ಅಂತ್ಯವೂ ಹೊಸ ಆರಂಭ’ ಅಂತ ಬರೆದರೆ ಆ ಹುಡುಗ ಕ್ಯಾಲೆಂಡರನ್ನೇ ನೋಡುತ್ತಿರುತ್ತಾನೆ.

ಇನ್ನು ಆ ಪೋಸ್ಟುಗಳ ಕೆಳಗೆ ಸೇರುವ ಜಾತ್ರೆ. ಕೆಲಸ ಹೋದವರ ಪೋಸ್ಟಿಗೆ ನಮ್ಮ ದೇಶದವರು ‘ಸಿಎಫ್‌ಬಿಆರ್’ ಅಂತ ನಾಲ್ಕಕ್ಷರ ಹಾಕಿ ಹೋಗುತ್ತಾರೆ. ಹೆಚ್ಚು ಜನರಿಗೆ ತಲುಪಲಿ ಅಂತ ಕಮೆಂಟು ಮಾಡುತ್ತಿದ್ದೇನೆ, ಎಂಬುದರ ಸಂಕ್ಷೇಪ. ನಮ್ಮಕ್ಕ ಅದನ್ನು ನೋಡಿ ‘ಎಷ್ಟೊಂದು ಜನ ಒಂದೇ ಡಿಗ್ರಿ ಮಾಡಿದಾರೆ’ ಅಂದಳು. ನಾಲ್ಕಕ್ಷರದಿಂದ ಕೆಲವೊಮ್ಮೆ ನಿಜವಾಗಿ ಉಪಕಾರವಾಗುತ್ತದೆ, ನಗಬಾರದು. ನಗು ಬರುವುದು ಗುಂಡಿಗಳ ವಿಷಯಕ್ಕೆ. ಲೈಕಿನ ಪಕ್ಕದಲ್ಲೇ ಚಪ್ಪಾಳೆ ತಟ್ಟುವ ಕೈ, ಅದರ ಪಕ್ಕದಲ್ಲೇ ಹೃದಯ ಹಿಡಿದ ಅಂಗೈ. ಮೆಟ್ರೋದಲ್ಲಿ ನೇತಾಡುತ್ತಾ ಒತ್ತುವಾಗ ಬೆರಳು ಜಾರಿದರೆ, ‘ನನ್ನ ಟೀಮಿನ ಹತ್ತು ಜನರನ್ನು ಕಳೆದುಕೊಂಡೆ’ ಎಂಬುದಕ್ಕೆ ಚಪ್ಪಾಳೆ ಬಿದ್ದಿರುತ್ತದೆ. ಎಷ್ಟೋ ಸಲ ಅದೇ ಪ್ರಾಮಾಣಿಕವೇನೋ.

ನನಗೆ ಇದರಲ್ಲೆಲ್ಲ ಮುಖ್ಯವಾಗಿ ಹಿಡಿಸದಿರುವುದು ಕಣ್ಣೀರಲ್ಲ. ಈ ಪೋಸ್ಟುಗಳಲ್ಲಿ ಯಾರೂ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಮಳೆ ಬಂದ ಹಾಗೆ ಅದು ಬರುತ್ತದೆ. ‘ಕಠಿಣ ಸುದ್ದಿ ಬಂತು’, ‘ಕೆಲವರು ನಮ್ಮೊಂದಿಗೆ ಮುಂದುವರಿಯುತ್ತಿಲ್ಲ’. ಬೆಂಗಳೂರಿನಲ್ಲಿ ಬಹಳ ಸಲ ನಡೆಯುವುದು ಏನೆಂದರೆ, ಗಾಜಿನ ಕೋಣೆಗೆ ಕರೆದು, ನೀನೇ ರಾಜೀನಾಮೆ ಬರೆದುಕೊಡು, ಇಲ್ಲದಿದ್ದರೆ ದಾಖಲೆಯಲ್ಲಿ ಕಪ್ಪು ಗುರುತು ಬೀಳುತ್ತದೆ ಅನ್ನುತ್ತಾರೆ. ಕರ್ನಾಟಕದ ಐಟಿ ನೌಕರರ ಸಂಘವಾದ ಕಿಟು ವರ್ಷಗಳಿಂದ ಹೇಳುತ್ತಾ ಬಂದಿರುವುದು ಇದನ್ನೇ. ಇಲ್ಲಿನ ಐಟಿ ಕಂಪನಿಗಳಿಗೆ ಸೇವಾ ಷರತ್ತುಗಳನ್ನು ಗೊತ್ತುಮಾಡುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಇದ್ದ ವಿನಾಯಿತಿಯನ್ನು 2024ರಲ್ಲಿ ಸರ್ಕಾರ ಮತ್ತೆ ಐದು ವರ್ಷಕ್ಕೆ ಮುಂದುವರಿಸಿದಾಗ ಆ ಸಂಘ ಕೂಗಿಕೊಂಡಿತು. ‘ಅತ್ತುಬಿಟ್ಟೆ’ ಬರಹಗಾರರಲ್ಲಿ ಯಾರೂ ಅದಕ್ಕೆ ಒಂದು ಲೈಕು ಒತ್ತಿದ್ದನ್ನು ನಾನಂತೂ ಕಾಣೆ.

ಒಳ್ಳೆಯವೂ ಇವೆ. 2020ರ ಮೇ ತಿಂಗಳಲ್ಲಿ ಏರ್‌ಬಿಎನ್‌ಬಿ ಸುಮಾರು 1,900 ಜನರನ್ನು ತೆಗೆದಾಗ, ಹೋಗುವವರಲ್ಲಿ ಒಪ್ಪಿದವರ ಹೆಸರು, ಕಸುಬು ಎಲ್ಲ ಇರುವ ಪಟ್ಟಿಯೊಂದನ್ನು ತಾನೇ ಮಾಡಿ ಎಲ್ಲರಿಗೂ ಕಾಣುವಂತೆ ಇಟ್ಟಿತು, ಲ್ಯಾಪ್‌ಟಾಪನ್ನೂ ಅವರಿಗೇ ಬಿಟ್ಟಿತು. 2022ರಲ್ಲಿ ಟ್ವಿಟರಿನ ಅರ್ಧ ಜನ ಹೋದಾಗ ಒಳಗಿನವರು ಹೊರಗಿನವರು ಸೇರಿ ಸಲ್ಯೂಟ್ ಹೊಡೆಯುವ ಒಂದು ಮುಖವನ್ನಷ್ಟೇ ಹಾಕಿದರು. ಅದರಲ್ಲಿ ಪಾಠ ಇರಲಿಲ್ಲ, ಹಾಗಾಗಿ ಸಹ್ಯವಾಗಿತ್ತು. ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ತನ್ನ ವಿಭಾಗದಿಂದ ಹೋದವರ ಹೆಸರು, ಅನುಭವ, ಯಾವ ಊರಿಗೆ ಹೋಗಲು ತಯಾರು ಎಲ್ಲ ಎಕ್ಸೆಲ್ಲಿನಲ್ಲಿ ತುಂಬಿ, ಗೊತ್ತಿದ್ದ ಎಚ್‌ಆರ್‌ಗಳಿಗೆಲ್ಲ ಕಳಿಸಿದಳು. ಅದಕ್ಕೆ ಹೆಚ್ಚು ಲೈಕು ಬರಲಿಲ್ಲ. ಎಕ್ಸೆಲ್ ನೋಡಿ ಯಾರಿಗೂ ಅಳು ಬರುವುದಿಲ್ಲ.

ನಮ್ಮ ಭಾವನ ಮಹಡಿ ಮನೆಗೆ ಬಾಡಿಗೆಗಿರುವ ಹುಡುಗ ಈಚೆಗೆ ಹೀಗೇ ಕೆಲಸ ಕಳೆದುಕೊಂಡ. ಭಾವ ಅವನನ್ನು ಕೆಳಗೆ ಕರೆದು ಕೂರಿಸಿ, ಲಗ್ನಪತ್ರಿಕೆಯ ಲಕೋಟೆಯ ಹಿಂಬದಿಯಲ್ಲಿ ಲೆಕ್ಕ ಹಾಕತೊಡಗಿದರು. ಐದು ವರ್ಷ ಆಗಿದೆಯೋ? ಆಗಿದ್ದರೆ ಗ್ರಾಚ್ಯುಟಿ ಬಿಡಬೇಡ. ಬೇಸಿಕ್ ಎಷ್ಟು? ಹದಿನೈದರಿಂದ ಗುಣಿಸಿ ಇಪ್ಪತ್ತಾರರಿಂದ ಭಾಗಿಸು, ವರ್ಷದಿಂದ ಗುಣಿಸು. ಅವರಾಗಿ ತೆಗೆದರೆ ಒಂದು ತಿಂಗಳ ನೋಟಿಸು, ವರ್ಷಕ್ಕೆ ಹದಿನೈದು ದಿನದ ಸಂಬಳ, ಇದು 1947ರ ಕೈಗಾರಿಕಾ ವಿವಾದ ಕಾಯ್ದೆಯಿಂದ ಬಂದ ಲೆಕ್ಕ. ನೀನು ಕಾಯ್ದೆ ಹೇಳುವ ಕಾರ್ಮಿಕನೋ ಅಲ್ಲವೋ ಅಂತ ವಾದ ಹೂಡುತ್ತಾರೆ, ಹೂಡಲಿ.

‘ನಾನೇ ರಿಸೈನ್ ಮಾಡ್ದೆ ಅಂತ ಮೇಲ್ ಕಳ್ಸಿಬಿಟ್ಟಿದೀನಿ ಅಂಕಲ್.’

ಭಾವ ಪೆನ್ನು ಕೆಳಗಿಟ್ಟರು. ಹುಡುಗ ಸಂಕೋಚದಿಂದ ಫೋನು ತೆಗೆದು, ತನ್ನ ಬಗ್ಗೆ ಬಂದಿದ್ದ ಪೋಸ್ಟು ತೋರಿಸಿದ. ಕಾರ್ಡು, ಲ್ಯಾಪ್‌ಟಾಪು, ಐದು ಪಾಠ. ಭಾವ ಕನ್ನಡಕ ಏರಿಸಿ ಪೂರ್ತಿ ಓದಿದರು, ಖಾಲಿ ಸಾಲುಗಳ ಸಮೇತ.

‘ಇವನೇ ಅಲ್ವೇನೋ ನಿನ್ನ ಕೈಲಿ ಮೇಲ್ ಬರೆಸಿದ್ದು?’

‘ಹೌದು ಅಂಕಲ್. ನಾನೂ ಲೈಕ್ ಒತ್ತಿದೀನಿ.’

‘ನೀನ್ಯಾಕೋ ಒತ್ತಿದೆ?’

‘ಮುಂದಿನ ಕಂಪನಿಯವರು ವೆರಿಫಿಕೇಷನ್‌ಗೆ ಅವರಿಗೇ ಫೋನ್ ಮಾಡೋದು ಅಂಕಲ್. ಲೈಕ್ ಕಾಣ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋತಾರೆ.’

ಭಾವ ಫೋನು ವಾಪಸು ಕೊಟ್ಟರು. ‘ಬರೀ ಲೈಕ್ ಸಾಲದು. ಅಜಾತಶತ್ರು ಅಂತ ಒಂದು ಕಮೆಂಟೂ ಹಾಕು’ ಅಂದರು.